ಕಬ್ಬಿನ ಬದುವಿನಲ್ಲಿ ಬೇಸಿಗೆ ಓದು

ತೋಟದ ಮನೆ, ಗುಂಡ್ಲುಪೇಟೆ ತಾಲ್ಲೂಕು
ಭಾನುವಾರ ಇಳಿಹೊತ್ತು, ೨೭-೪-೨೦೨೫

ಪ್ರೀತಿಯ ಪುಟ್ಟಿಯ ಅಪ್ಪನಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೆ? ಮದ್ದೂರು ಕಾಡಿಗೆ ಬೆಂಕಿ ಕಾವಲಿಗೆಂದು ಹೋದವರು ಹೊಟ್ಟೆ ತುಂಬ ಹೊಗೆ ಕುಡಿದು ಬರಬೇಡಿ. ಕಷಾಯದ ಪುಡಿ ಕಟ್ಟಿಟ್ಟಿದ್ದೇನೆ. ನೀವು ಕಾಡಿಗೆ ಕಾವಲು, ನಾನು ದೋಸೆಗೆ ಕಾವಲಿ. ಇಬ್ಬರಿಗೂ ಕಾಯುವುದೇ ಕೆಲಸ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲದ್ದರಿಂದ ನನಗೆ ಕಟ್ಟಿಕೊಂಡ ಗಂಡನಿಗೇ ಪತ್ರ ಬರೆಯುವ ಯೋಗ ಬಂದಿದೆ. ಸಂಜೆ ನಿಮ್ಮ ಜೀಪಿನ ಕೆಂಪಯ್ಯ ಬಂದಾಗ ಕೊಟ್ಟು ಕಳಿಸುತ್ತೇನೆ.

ಪುಟ್ಟಿಯ ಶಾಲೆಯದು ಹೊಸ ಸುದ್ದಿ. ಮಕ್ಕಳಿಗೆ ರಜೆ, ನಮಗೆ ಸಜೆ! ಭವ್ಯ ಮೇಡಂ ಅಪ್ಪ ಅಮ್ಮಂದಿರನ್ನೆಲ್ಲ ಕರೆಸಿ, ಈ ಬೇಸಿಗೆಯಲ್ಲಿ ಓದಬೇಕಾದವರು ನೀವೇ ಎಂದು ಆಳಿಗೊಂದು ಪುಸ್ತಕ ಕೈಗಿಟ್ಟರು. ನನಗೆ ಹಕ್ಕಿಗಳದ್ದು, ಪಕ್ಕದ ತೋಟದ ಭಾಗ್ಯಳಿಗೆ ಅಜ್ಜಿ ಕಥೆಗಳು. ಮಕ್ಕಳಿಗೆ ಓದು ಓದು ಎಂದು ಬೈಯುವ ಬದಲು ಅವರೆದುರು ನೀವು ಓದಿ, ಗಟ್ಟಿಯಾಗಿ ಓದಿ, ಮುಗಿದ ಮೇಲೆ ಪ್ರಶ್ನೆ ಕೇಳಿ ಗೋಳು ಹೊಯ್ದುಕೊಳ್ಳಬೇಡಿ ಎಂದರು. ನಿಮಗೂ ನನ್ನ ಶಿಫಾರಸು ಅದೇ. ನೀವು ಬಂದ ಮೇಲೆ ಓದಲು ನದಿಗಳ ಪುಸ್ತಕವೊಂದನ್ನು ಎತ್ತಿಟ್ಟಿದ್ದೇನೆ. ಚಿತ್ರ ಜಾಸ್ತಿ, ಅಕ್ಷರ ಕಡಿಮೆ. ನಿಮ್ಮ ಗೊರಕೆ ಶುರುವಾಗುವ ಮುಂಚೆ ಮುಗಿಯುತ್ತದೆ.

ನಿಮ್ಮ ಅಪ್ಪನ ಬುದ್ಧಿ ನಿಮಗೆ ಗೊತ್ತೇ ಇದೆಯಲ್ಲ, ಯಾವುದನ್ನೂ ದಂಡಕ್ಕೆ ಬಿಡುವವರಲ್ಲ. ಹಂದಿ ಓಡಿಸಲು ದಿನಾ ಸಂಜೆ ತಗಡು ಬಡಿದು ಕೈ ಸೋತಿದ್ದವರು, ನಮ್ಮ ಓದು ಕೇಳಿದ್ದೇ ತಡ, "ಎಂಗೂ ಬಾಯ್ಬುಟ್ಟು ಓದ್ತೀರಿ, ಕಬ್ಬಿನ ತಾವು ಕುಂತ್ಕಂಡು ಓದ್ರವ್ವಾ. ಹಂದಿಗೂ ಒಸಿ ಬುದ್ಧಿ ಬರ್ಲಿ" ಎಂದರು. ಅಂದಿನಿಂದ ಬದುವಿನ ಮೇಲೆ ಚಾಪೆ, ಸುತ್ತ ಪುಟ್ಟಿ, ಭಾಗ್ಯಳ ಮಕ್ಕಳು, ನಡುವೆ ನಾನು. ವಾರದೊಳಗೆ ಹಂದಿಗಳ ಪತ್ತೆಯೇ ಇಲ್ಲ! "ನೋಡ್ದಾ, ನಿನ್ನ ಬಿಎ ಇವತ್ತು ಕೆಲ್ಸಕ್ಕೆ ಬಂತು" ಎಂದ ಮಾವ ಅದನ್ನೇ ಊರೆಲ್ಲ ಹೇಳಿಕೊಂಡು ಬಂದರು.

ಹಂದಿಗಳ ಹಿಂದೆಯೇ ನವಿಲುಗಳೂ ಹೋದವು. ಭಾಗ್ಯಳ ಕರು ಹಗ್ಗ ಕಿತ್ತುಕೊಂಡು ಹೋದದ್ದು ಮತ್ತೆ ಬರಲಿಲ್ಲ. ನಮ್ಮ ನಾಯಿ ಕರಿಯ ಒಲೆಯ ಮೂಲೆ ಬಿಟ್ಟು ಏಳುವುದಿಲ್ಲ, ಎಳೆದರೆ ನನಗೇ ಗುರ್ ಎನ್ನುತ್ತದೆ. ವಯಸ್ಸಾಯಿತು ಎನ್ನುತ್ತಾರೆ ಮಾವ. ಮೊನ್ನೆ ಪುಟ ತಿರುವಲು ನಿಲ್ಲಿಸಿದರೆ ಕಬ್ಬಿನೊಳಗೆ ತರಗು ಸರಸರ ಎಂದಿತು. ಮತ್ತೆ ಓದಿದೆ, ಸದ್ದು ನಿಂತಿತು. "ಅದೂ ಕತೆ ಕೇಳ್ತಾ ಅದೆ ಕಣಮ್ಮ" ಎಂದಳು ಪುಟ್ಟಿ. ಎಲ್ಲರೂ ನಕ್ಕೆವು. ನಾನೂ ನಕ್ಕೆ, ಆದರೆ ಆಮೇಲೆ ಎಲ್ಲಿ ಓದುತ್ತಿದ್ದೆನೆಂದು ಸಾಲು ಸಿಗಲಿಲ್ಲ. ಎಲೆ ಅಲ್ಲಾಡದ ಸಂಜೆಯಲ್ಲಿ ಕಬ್ಬು ಒಂದೇ ಸಾಲಿನುದ್ದಕ್ಕೆ ಬಾಗಿಕೊಂಡು ಬಂದರೆ ಅದಕ್ಕೆ ನಿಮ್ಮ ಇಲಾಖೆಯಲ್ಲಿ ಏನನ್ನುತ್ತಾರೆ? ಮಾವನಿಗೆ ಹೇಳಿದರೆ, ಪುಸ್ತಕ ಓದಿ ಓದಿ ತಲೆ ಕೆಟ್ಟಿದೆ ಎಂದಾರು ಎಂದು ಸುಮ್ಮನಿದ್ದೇನೆ.

ಈ ಪತ್ರದ ನೆಪದಲ್ಲಿ ಇವತ್ತು ನಾನು ಹೋಗಿಲ್ಲ. ಮಾವ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೆ. ಪುಟ್ಟಿಯೇ ಓದುತ್ತಾಳಂತೆ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಮೈ ಜೋಪಾನ.

ನಿಮ್ಮ
ಶಶಿರೇಖಾ

ವಿ.ಸೂ.: ಕೆಂಪಯ್ಯ ಈಗ ಬಂದ. "ಅಕ್ಕ, ಅಣ್ಣ ಈಗ ಬೆಂಕಿ ತಾವಿಲ್ಲ. ಮರಿ ಹಾಕಿರೋ ಹುಲಿಯೊಂದು ಕಾಡು ಬುಟ್ಟು ಈಚೆಗೆ ಬಂದ್ಬುಟ್ಟದೆ, ಅದ್ನೇ ಉಡುಕ್ತಾವ್ರೆ" ಎನ್ನುತ್ತಾನೆ. ಇನ್ನು ಅಲ್ಲಿ ಹುಡುಕಬೇಡಿ. ಹಂದಿ ಓಡಿಸಿದ್ದು ನನ್ನ ಓದಲ್ಲ. ಎಲ್ಲರನ್ನೂ ಕರೆದುಕೊಂಡು ನಮ್ಮ ಕಬ್ಬಿನ ಹತ್ತಿರ ಬನ್ನಿ, ಇದೇ ಜೀಪಿನಲ್ಲಿ ಬನ್ನಿ. ನಾನು ಬದುವಿಗೆ ಓಡುತ್ತಿದ್ದೇನೆ. ಇಷ್ಟು ಹೊತ್ತೂ ಪುಟ್ಟಿ ಓದುವ ದನಿ ಅಂಗಳಕ್ಕೆ ಕೇಳಿಸುತ್ತಿತ್ತು. ಈಗ ಕೇಳಿಸುತ್ತಿಲ್ಲ.