ಠಾಣೆಗೆ ಹೊರಟ ಕೋವಿ

ಅರಕಲಗೂಡು

ದೊಡ್ಡಪ್ಪನಿಗೆ ರಂಜಿತಾಳ ನಮಸ್ಕಾರ.

ಕೋವಿಗಳನ್ನೆಲ್ಲ ನಿಷೇಧಿಸಬೇಕೆಂದು ನಶ್ಯ ಏರಿಸಿಕೊಂಡು ವಾದಿಸುತ್ತೀರಲ್ಲ, ಇಲ್ಲಿಯದನ್ನು ಕೇಳಿ. ಚುನಾವಣೆ ಬಂತೆಂದು ನನ್ನ ಬಾಡಿಗೆ ಮನೆಯ ಮಾಲೀಕ ಕೆಂಪಣ್ಣನವರು ಇವತ್ತು ತಮ್ಮ ಲೈಸೆನ್ಸ್ ಕೋವಿಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಠಾಣೆಗೆ ಒಪ್ಪಿಸಲು ಹೊರಟರು. "ಓಟು ಮುಗಿಯೋಗಂಟ ಜೋಳಕ್ಕೆ ಬಾಯಾಕ್‌ಬ್ಯಾಡಿ ಅಂತ ಕಾಡಂದಿಗೂ ಅವ್ರೇ ಯೋಳ್ಲಿ" ಎಂದು ಗೊಣಗಿದರು. ಅವರು ತಿರುವು ದಾಟಿದ್ದೇ ತಡ, ಹೆಂಡತಿ ಬೆಟ್ಟಮ್ಮ ಅಕ್ಕಿ ಡಬ್ಬದಿಂದ ಕೋವಿಯ ತೋಟಾಗಳನ್ನು ತೆಗೆದು ತೋರಿಸಿದರು. "ಬಚ್ಚಿಟ್ಟು ಆರು ವರ್ಸ ಆಯ್ತು ಕಣವ್ವ. ತಾನೇ ಕಳ್ಕಂಡೆ ಅಂತ ನಾಚ್ಕಂಡು ಅವ್ರೂ ಬಾಯ್ಬಿಟ್ಟಿಲ್ಲ. ಹಂದಿ ಓಡ್ಸೋದು ನಾನೇ, ತಟ್ಟೆ ಬಡ್ದು."

ನನ್ನ ಕೆಮ್ಮು ವಾಸಿಯಾಗಿದೆ. ಈ ಕಾರ್ಡನ್ನು ದೊಡ್ಡಮ್ಮನಿಗೆ ಮಾತ್ರ ತೋರಿಸಬೇಡಿ; ನಿಮ್ಮ ನಶ್ಯದ ಡಬ್ಬಿ ಕಾಣೆಯಾದೀತು.

ರಂಜಿತಾ