ಕುದಿಸಿದ ತಂಬುಳಿ

ಅವ್ವಿ,

ನಿನಗೆ ಓದಲು ಬರುತ್ತಿರಲಿಲ್ಲ, ಈಗ ನೀನೂ ಇಲ್ಲ. ಆದರೂ ಈ ಸಿಟ್ಟನ್ನು ಬೇರೆ ಯಾರಿಗೆ ಹೇಳಲಿ? ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಕೈ, ಅಕ್ಷರ ಓರೆಯಾದರೆ ಆಗಲಿ.

ನಿನ್ನೆ ನನ್ನ ಪಾಂಡುವಿಗೆ ಭೇದಿ ಹತ್ತಿತು. ಡಾಕ್ಟರು ಹೊಳೆಯಾಚೆ ಹೊನ್ನಾವರದಲ್ಲಿ. ಗಾಳಿಗೆ ತಾರಿ ದೋಣಿ ಬಿಟ್ಟಿರಲಿಲ್ಲ. ಮಗು ಬಾಡುತ್ತಾ ಹೋಯಿತು. ನೀನು ಒಣಗಿಸಿ ಕೊಟ್ಟ ದಾಳಿಂಬೆ ಸಿಪ್ಪೆ ಭರಣಿಯಲ್ಲಿತ್ತು. ನಾನು ಮಗುವನ್ನು ತೊಳೆಯುತ್ತಿದ್ದಾಗ ಓರಗಿತ್ತಿ ಹೊನ್ನಮ್ಮಕ್ಕ ಅದನ್ನು ಜೀರಿಗೆ, ಕಾಯಿತುರಿ ಜೊತೆ ಅರೆದು, ಮಜ್ಜಿಗೆ ಹಾಕಿ, ಸಾರಿನ ಹಾಗೆ ಕುದಿಸಿಬಿಟ್ಟಳು! ತಂಬುಳಿಯನ್ನು ಯಾರಾದರೂ ಕುದಿಸುತ್ತಾರೆಯೇ? ಮಜ್ಜಿಗೆ ಒಡೆಯಿತು. ಮಗು ಉಗುಳಿತು.

"ನಿನ್ನ ಅವ್ವಿ ಮದ್ದು ಅಂದ್ರೆ ಇಷ್ಟೇ ಅಲ್ದಾ? ದನಾನೂ ಮೂಸೂದಿಲ್ಲ," ಅಂದಳು.

"ಕುದಿಸು ಅಂತ ನನ್ನ ಅವ್ವಿ ಹೇಳಿದ್ಳಾ? ಬಾಯಿ ಮುಚ್ಕೋ ಅಕ್ಕಾ!" ಅಂದೆ. ಅವಳಿಗೆ ಎದುರಾಡಿದ್ದು ಇದೇ ಮೊದಲು.

ಭರಣಿಯ ತಳದಲ್ಲಿದ್ದ ಚೂರುಗಳನ್ನು ತುಪ್ಪದಲ್ಲಿ ಹುರಿದು, ಅರೆದು, ತಣ್ಣನೆಯ ಮಜ್ಜಿಗೆಯಲ್ಲಿ ಕಲಸಿ ಕುಡಿಸಿದೆ. ಇವತ್ತು ಭೇದಿ ನಿಂತಿದೆ. "ಅದು ತಾನಾಗೇ ನಿಂತದ್ದು, ಎಂತ ಮದ್ದು?" ಅನ್ನುತ್ತಾಳೆ ಹೊನ್ನಮ್ಮಕ್ಕ. ತಾನಾಗಿಯಂತೆ! ರಾತ್ರಿಯಿಡೀ ಮಗುವಿನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದವಳು ನಾನು.

ಈಗ ಭರಣಿ ಖಾಲಿ. ಹಿತ್ತಲ ಗಿಡದಲ್ಲಿ ಎರಡು ದಾಳಿಂಬೆ ಹಣ್ಣಾಗುತ್ತಿವೆ. ಅವಳ ಮೇಲಿನ ಹಟಕ್ಕಾದರೂ ನಾನೇ ಸಿಪ್ಪೆ ಒಣಗಿಸಿಡುತ್ತೇನೆ. ಆದರೆ ಬಿಸಿಲಲ್ಲೋ ನೆರಳಲ್ಲೋ, ಅವ್ವಿ? ಪ್ರತಿ ಸಲ ನೀನೇ ಒಣಗಿಸಿ ತರುತ್ತಿದ್ದೆಯಲ್ಲ.