ನನ್ನ ಕಡೆಯ ಸ್ಪೀಕರ್

ರೀ,

ನೀವು ತೀರಿಕೊಂಡ ಮೇಲೆ ಕೆಟ್ಟು ಕೂತಿದ್ದ ಕಾರಿನ ರೇಡಿಯೊವನ್ನು ಇವತ್ತು ಬದಲಾಯಿಸಿದೆ. ಹೊಸದು ಅದೇ ಕಂಪನಿಯ ಈಚಿನ ಕಾರಿನದು. ಅದರ ಪ್ಲಗ್ಗು ನಮ್ಮ ಹಳೆಯ ವೈರುಗಳಿಗೆ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು. "ಅತ್ತೆ ಸೊಸೆ ಮಧ್ಯೆ ಸಿಕ್ಕಿಹಾಕ್ಕೊಂಡ ಮಗ ಇದ್ದ ಹಾಗೆ ಮೇಡಂ ಇದು. ಇಬ್ರನ್ನೂ ಒಪ್ಪಿಸ್ಬೇಕು," ಎಂದು ಮೆಕ್ಯಾನಿಕ್ ನಕ್ಕ.

ಹಾಡು ಬಂತು. ನಾನು ಇಷ್ಟು ವರ್ಷ ಕೂರುತ್ತಿದ್ದ ಸೀಟಿನ ಬಾಗಿಲಿನಿಂದಲೂ ಬಂತು, ನೀರಿನೊಳಗೆ ಬೆಳಕು ಹರಡಿದ ಹಾಗೆ.

"ಆ ಸ್ಪೀಕರ್ ಕೆಟ್ಟಿತ್ತಲ್ಲಪ್ಪ?"

"ಎಲ್ಲಿ ಕೆಟ್ಟಿತ್ತು? ಹಳೇ ರೇಡಿಯೊ ನೋಡಿ, ಎಡ-ಬಲಕ್ಕೆ ಸೌಂಡ್ ಹಂಚೋ ಗುಂಡಿ ಪೂರ್ತಿ ಡ್ರೈವರ್ ಕಡೆಗೇ ತಿರುಗಿಸಿಟ್ಟಿದ್ರು. ಯಜಮಾನ್ರಿಗೆ ಹಾಡಂದ್ರೆ ಅಷ್ಟು ಆಸೆನಾ?"

ನೀವು ಓಡಿಸುವಾಗ ನಾನು ಪಕ್ಕದಲ್ಲಿ ದಾರಿಯುದ್ದಕ್ಕೂ ಕವಿತೆ ಪುಸ್ತಕದಲ್ಲಿ ಮುಳುಗಿರುತ್ತಿದ್ದೆ ಎಂದು ಅವನಿಗೆ ಹೇಳಲಿಲ್ಲ. "ನಿಮ್ಮ ಹಾಗೇ ನನ್ನ ಕಡೆ ಸ್ಪೀಕರೂ ಬಾಯಿ ಬಿಡಲ್ಲ" ಎಂದು ಚುಚ್ಚಿದಾಗಲೆಲ್ಲ ನೀವು ನಕ್ಕು ಸುಮ್ಮನಾಗುತ್ತಿದ್ದಿರಿ.

"ಎಲ್ಲಾ ಕಡೆ ಸಮ ಇಡ್ಲಾ?"

"ಬೇಡ. ಪೂರ್ತಿ ಪಕ್ಕದ ಸೀಟಿನ ಕಡೆಗೇ ಇಡಿ."

ಮನೆಯವರೆಗೂ ನಾನೇ ಓಡಿಸಿದೆ. ಖಾಲಿ ಸೀಟಿನ ಬಳಿ ಹಾಡು ತನ್ನಷ್ಟಕ್ಕೆ ನಡೆಯುತ್ತಿತ್ತು. ನಿಮ್ಮ ಹಾಗೇ ನಾನೂ ತುಟಿ ಪಿಟಕ್ಕೆನ್ನಲಿಲ್ಲ.